ಮೂರಡಿ ಅಕ್ವೇರಿಯಂ, ನಾಲ್ಕು ಏಂಜೆಲ್ ಮೀನು, ಹಿಂದಿನ ಗಾಜು

ಟ್ಯಾಂಕು ಮೂರಡಿಯದು. 90 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ, 45 ಸೆಂ.ಮೀ. ಎತ್ತರ. ಒಳಗೆ ನಾಲ್ಕು ಏಂಜೆಲ್ ಮೀನು, ನೀಲಿ ಗೆರೆ, ಕೆಂಪು ಮೈಯ ಕಾರ್ಡಿನಲ್ ಟೆಟ್ರಾ ಎಂಬ ಪುಟ್ಟ ಮೀನುಗಳ ಒಂದು ಗುಂಪು, ತಳದಲ್ಲಿ ಕೆಲವು ಕೋರಿಡೋರಸ್ ಮೀನು, ಪಾಚಿ ಕೆರೆಯಲು ಒಂದು ಬ್ರಿಸಲ್‌ನೋಸ್ ಪ್ಲೆಕೊ ಮೀನು. ಏಂಜೆಲ್‌ಗಳಲ್ಲಿ ಮೂರಕ್ಕೆ ಬೆಳ್ಳಿ ಮೈ, ಕಪ್ಪು ಪಟ್ಟೆ. ಇನ್ನೊಂದು ಪೂರ್ತಿ ಕಪ್ಪು. ಟ್ಯಾಂಕಿನ ಹಿಂದಿನ ಗಾಜಿಗೆ ಯಾವ ಹಿನ್ನೆಲೆ ಹಾಕಬೇಕು ಅನ್ನುವ ನಮ್ಮ ಲೆಕ್ಕವನ್ನೆಲ್ಲ ಈ ಕಪ್ಪು ಮೀನು ಮುಂದೆ ತಲೆಕೆಳಗು ಮಾಡಿತು, ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ.

ಟ್ಯಾಂಕಿನ ಹಿಂದೆ ಬಿಳಿ ಗೋಡೆ. ಗೋಡೆಗೂ ಗಾಜಿಗೂ ನಡುವೆ ಅಂಗೈ ಅಗಲದ ಜಾಗ. ಅದರಲ್ಲಿ ಫಿಲ್ಟರ್ ಪೈಪು, ಹೀಟರಿನ ವೈರು, ಏರ್ ಟ್ಯೂಬು ಎಲ್ಲ ಇಳಿಬಿದ್ದಿವೆ. ಸೋಫಾದಲ್ಲಿ ಕೂತವರಿಗೆ ಮುಂದಿನ ಗಾಜು ಕಾಣುತ್ತದೆ. ಒಳಗಿನ ಕೋಣೆಗೆ ಹೋಗುವವರಿಗೆ ಬಲಬದಿಯ ಗಾಜು ಕಾಣುತ್ತದೆ. ಅಂದರೆ ಈ ಟ್ಯಾಂಕನ್ನು ನೋಡುವ ಜಾಗ ಒಂದಲ್ಲ, ಎರಡು.

ಮನೆಯವರು ನನ್ನ ಹಳೆಯ ಸ್ನೇಹಿತರು. ಹಿನ್ನೆಲೆ ಹಾಕಬೇಕು ಅನ್ನುವುದರಲ್ಲಿ ಮೂವರಿಗೂ ಒಮ್ಮತ. ಯಾವುದು ಅನ್ನುವುದರಲ್ಲಿ ಮೂರು ಮತ. "ಆ ವೈರುಗಳು ಕಾಣಬಾರದು ಅಷ್ಟೇ ಅಣ್ಣ, ಉಳಿದದ್ದು ನೀವೇ ನೋಡಿ" ಎಂದು ಮನೆಯೊಡತಿ ಹೇಳಿದರು. ಅವರ ಗಂಡನಿಗೆ ಉಬ್ಬುತಗ್ಗಿನ ಕಲ್ಲುಗೋಡೆ ಬೇಕು, ಅದೂ ಟ್ಯಾಂಕಿನ ಒಳಗೇ. ಮಗಳಿಗೆ ಹವಳದ ನಡುವೆ ಮುಳುಗಿದ ಹಡಗಿನ ಚಿತ್ರ. ಇದರ ಜೊತೆಗೆ ಒಂದು ದೂರೂ ಇತ್ತು. ಮೀನುಗಳಿಗೆ ಬಣ್ಣವೇ ಬಂದಿಲ್ಲ, ಯಾರಾದರೂ ಹತ್ತಿರ ಬಂದರೆ ಕೊರಡಿನ ಹಿಂದೆ ಓಡುತ್ತವೆ, ಒಂದು ಏಂಜೆಲ್ ದಿನವಿಡೀ ಹಿಂದಿನ ಗಾಜಿಗೆ ಮೂತಿ ಒತ್ತಿ ಮೇಲೆ ಕೆಳಗೆ ಆಡುತ್ತದೆ.

ಕರೆದದ್ದು ಹಿನ್ನೆಲೆಗಾಗಿ, ಆದರೂ ನಾನು ಮೊದಲು ನೋಡಿದ್ದು ನೀರನ್ನು. ಮೀನು ಮಂಕಾಗಿದ್ದರೆ, ಮೂಲೆ ಹಿಡಿದಿದ್ದರೆ ಬಿಳಿ ಗೋಡೆಯನ್ನು ದೂರುವ ಮುಂಚೆ ನೀರಿನಲ್ಲಿ ಮೀನಿಗೆ ವಿಷವಾದ ಅಮೋನಿಯಾ, ನೈಟ್ರೈಟ್ ಇವೆಯೇ ಅಂತ ಪರೀಕ್ಷೆ ಆಗಬೇಕು. ಅವೆರಡೂ ಸೊನ್ನೆ ಇದ್ದವು. ನೀರು 27 ಡಿಗ್ರಿ, ಏಂಜೆಲ್‌ಗಳಿಗೆ ಹಿತವಾದದ್ದೇ. ಫಿಲ್ಟರ್ ಸರಿಯಾಗಿ ಓಡುತ್ತಿತ್ತು. ರೋಗದ ಗುರುತೂ ಇರಲಿಲ್ಲ. ಆಮೇಲೆಯೇ ಹಿನ್ನೆಲೆಯ ಮಾತಿಗೆ ಬಂದೆವು.

ಬರಿ ಗಾಜು ಮೀನಿಗೆ ಹೇಗೆ ಕಾಣುತ್ತದೆ

ಹಿನ್ನೆಲೆ ಅಂದರೆ ಅಲಂಕಾರ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಮೀನಿನ ಕಡೆಯಿಂದ ನೋಡಿದರೆ ಅದು ಬೇರೆಯೇ ವಿಷಯ.

ನೀರಿನೊಳಗಿನ ಬೆಳಕು ಗಾಜು ದಾಟಿ ಆಚೆಯ ಗಾಳಿಗೆ ಹೋಗಬೇಕಾದರೆ ಗಾಜಿಗೆ ಹೆಚ್ಚುಕಡಿಮೆ ನೆಟ್ಟಗೆ ಬರಬೇಕು. ಗಾಜಿಗೆ ಲಂಬವಾಗಿ ಎಳೆದ ಗೆರೆಯಿಂದ ಸುಮಾರು 49 ಡಿಗ್ರಿಗಿಂತ ಜಾಸ್ತಿ ವಾಲಿ ಬಂದರೆ ಅದು ಹೊರಗೆ ಹೋಗುವುದೇ ಇಲ್ಲ, ಪೂರ್ತಿ ಒಳಕ್ಕೇ ತಿರುಗುತ್ತದೆ. ಗಾಜು ಎಷ್ಟೇ ದಪ್ಪ ಇರಲಿ, ಅದರ ಆಚೆ ಗಾಳಿ ಇರುವ ತನಕ ಈ ಲೆಕ್ಕ ಬದಲಾಗುವುದಿಲ್ಲ. ಹಾಗಾಗಿ ಹಿಂದಿನ ಗಾಜಿನ ಹತ್ತಿರ ಇರುವ ಮೀನಿಗೆ ನೇರ ಎದುರಿಗೆ ಒಂದಿಷ್ಟು ಭಾಗ ಮಾತ್ರ ಕಿಟಕಿ. ಅದರ ಸುತ್ತ ಉಳಿದದ್ದೆಲ್ಲ ಕನ್ನಡಿ. ಏಂಜೆಲ್ ತನ್ನ ಜಾಗ ಕಾಯುವ ಜಾತಿಯ ಮೀನು. ಗಾಜಿನಲ್ಲಿ ಇನ್ನೊಂದು ಏಂಜೆಲ್ ಕಂಡರೆ ಅದು ಸುಮ್ನೆ ಇರುವುದಿಲ್ಲ.

ಆ ಕಿಟಕಿಯ ಆಚೆ ಏನಿತ್ತು? ಬಿಳಿ ಗೋಡೆ. ಮೀನಿನ ಚರ್ಮದಲ್ಲಿ ಕಪ್ಪು ಬಣ್ಣದ ಕಣಗಳನ್ನು ತುಂಬಿಕೊಂಡ ಜೀವಕೋಶಗಳಿವೆ. ಸುತ್ತಲು ಬೆಳ್ಳಗಿದ್ದರೆ ಆ ಕಣಗಳು ಕೋಶದ ನಡುವೆ ಮುದ್ದೆಯಾಗಿ ಮೈ ತಿಳಿಯಾಗುತ್ತದೆ. ಸುತ್ತಲು ಗಾಢವಾಗಿದ್ದರೆ ಕಣಗಳು ಕೋಶದ ತುಂಬ ಹರಡಿ ಮೈ ಬಣ್ಣ ಏರುತ್ತದೆ. ಈ ಬದಲಾವಣೆ ನಿಮಿಷಗಳಲ್ಲೂ ಆಗಬಹುದು. ಆದರೆ ವಾರಗಟ್ಟಲೆ ಒಂದೇ ಬಗೆಯ ಹಿನ್ನೆಲೆ ಇದ್ದರೆ ಆ ಕೋಶಗಳ ಸಂಖ್ಯೆಯೇ ಏರುವುದು, ಇಳಿಯುವುದು ಉಂಟು. ಮೈ ತಿಳಿಯಾಗಿಸುವ ಹಾರ್ಮೋನೊಂದನ್ನು ಜಪಾನಿನ ಸಂಶೋಧಕರು 1983ರಲ್ಲಿ ಸಾಲ್ಮನ್ ಮೀನಿನ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಬೇರ್ಪಡಿಸಿ ತೋರಿಸಿದರು.

ಇದು ಮೀನಿಗೆ ಸೊಗಸಿನ ವಿಷಯವಲ್ಲ, ಜೀವದ ವಿಷಯ. ಅಮೆರಿಕದ ಜೀವವಿಜ್ಞಾನಿ ಎಫ್. ಬಿ. ಸಮ್ನರ್ 1934ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಒಳ್ಳೆಯ ಉದಾಹರಣೆ. ಸೊಳ್ಳೆಮರಿ ತಿನ್ನುವ ಗಂಬೂಸಿಯಾ ಮೀನುಗಳಲ್ಲಿ ಕೆಲವನ್ನು ಕಪ್ಪು ತೊಟ್ಟಿಯಲ್ಲಿ, ಕೆಲವನ್ನು ಬಿಳಿ ತೊಟ್ಟಿಯಲ್ಲಿ ಇಟ್ಟು ಬಣ್ಣ ಹೊಂದಿಕೊಳ್ಳಲು ಬಿಟ್ಟರು. ಆಮೇಲೆ ಎರಡನ್ನೂ ಒಟ್ಟಿಗೆ ಬಿಟ್ಟು ಪೆಂಗ್ವಿನ್‌ಗಳನ್ನು ಇಳಿಸಿದರು. ಹಿನ್ನೆಲೆಗೆ ಹೊಂದದ ಮೀನುಗಳೇ ಜಾಸ್ತಿ ಬಲಿಯಾದವು. ನಮ್ಮ ಟ್ಯಾಂಕಿನಲ್ಲಿ ಪೆಂಗ್ವಿನ್ ಇಲ್ಲ, ಅದು ಮೀನಿಗೆ ಗೊತ್ತಿಲ್ಲ ಅಷ್ಟೇ.

ಕಾರ್ಡಿನಲ್ ಟೆಟ್ರಾ ರಿಯೊ ನೀಗ್ರೊ ಕಡೆಯ ಮೀನು. ಎಲೆ, ಬೇರು ಕೊಳೆತು ಚಹಾ ಬಣ್ಣಕ್ಕೆ ತಿರುಗಿದ ನೀರಿನಲ್ಲಿ ಹುಟ್ಟಿ ಬೆಳೆಯುವಂಥದ್ದು. ಏಂಜೆಲ್ ಕೂಡ ಅಮೆಜಾನ್ ಜಲಾನಯನದ್ದೇ, ನೀರಿಗೆ ಬಿದ್ದ ಕೊಂಬೆ, ಬೇರುಗಳ ನಡುವೆ ಪಟ್ಟೆ ಮರೆಸಿಕೊಂಡು ನಿಲ್ಲುವ ಮೀನು. ಇಂಥ ಮೀನುಗಳಿಗೆ ಬೆನ್ನ ಹಿಂದೆ ಬಯಲು ಇದ್ದರೆ ನೆಮ್ಮದಿ ಇರುವುದಿಲ್ಲ.

ಹಡಗು ಯಾಕೆ ಬೇಡವಾಯಿತು

ಮಗಳ ಆಸೆಯನ್ನು ಮೊದಲು ಎತ್ತಿಕೊಂಡೆವು. ಅಂಗಡಿಗಳಲ್ಲಿ ಸುರುಳಿ ಲೆಕ್ಕದಲ್ಲಿ ಸಿಗುವ ಚಿತ್ರದ ಹಾಳೆಯನ್ನು ಅಂಟಿಸುವುದು ಸುಲಭ, ಬೇಸರ ಬಂದರೆ ಕಿತ್ತುಹಾಕುವುದೂ ಸುಲಭ. ಎಷ್ಟೋ ಹಾಳೆಗಳಿಗೆ ಎರಡೂ ಮಗ್ಗುಲಲ್ಲಿ ಚಿತ್ರ ಇರುತ್ತದೆ. ಮೊದಲ ಹಿನ್ನೆಲೆಯಾಗಿ ಅದನ್ನು ಹಾಕಿಕೊಂಡವರನ್ನು ನಾನು ತಮಾಷೆ ಮಾಡುವುದಿಲ್ಲ. ಸಿಹಿನೀರಿನ ಮೀನಿನ ಹಿಂದೆ ಸಮುದ್ರದ ಹವಳ ಯಾಕೆ ಅಂತ ಮೂಗು ಮುರಿಯುವವರಿದ್ದಾರೆ. ಇರಲಿ, ಮನೆ ಅವರದು, ಟ್ಯಾಂಕು ಅವರದು.

ನನ್ನ ತಕರಾರು ಬೇರೆ. ಅದೇ 49 ಡಿಗ್ರಿ ಲೆಕ್ಕ ಇಲ್ಲೂ ಕಾಡುತ್ತದೆ. ಮುಂದಿನಿಂದ ಟ್ಯಾಂಕು ನೋಡುವಾಗ ಎಡಬಲದ ಗಾಜುಗಳು ನಮಗೆ ಕನ್ನಡಿಯಾಗಿ ಕಾಣುತ್ತವೆ, ಒಮ್ಮೆ ಗಮನಿಸಿ ನೋಡಿ. ಹಿನ್ನೆಲೆ ಆ ಕನ್ನಡಿಗಳಲ್ಲಿ ಆಚೆಗೂ ಮುಂದುವರಿದಂತೆ ಕಾಣುತ್ತದೆ. ಬರಿ ಬಣ್ಣವಾದರೆ ಇದು ಲಾಭ, ಟ್ಯಾಂಕು ದೊಡ್ಡದಾಗಿ ಕಾಣುತ್ತದೆ. ಹಡಗಾದರೆ? ಎಡಗಡೆ ಒಂದು ತಿರುಗುಮುರುಗು ಹಡಗು, ಬಲಗಡೆ ಇನ್ನೊಂದು. ಸೋಫಾದಲ್ಲಿ ಕೂತರೆ ಕಣ್ಣು ನೀರಿನ ಮಟ್ಟಕ್ಕಿಂತ ಕೆಳಗೆ ಬರುತ್ತದೆ. ಆಗ ನೀರಿನ ಮೇಲ್ಮೈ ಕೂಡ ಕೆಳಗಿನಿಂದ ಕನ್ನಡಿ. ಅಲ್ಲೊಂದು ತಲೆಕೆಳಗಾದ ಹಡಗು. ಚಿತ್ರದಲ್ಲಿ ಗುರುತು ಹಿಡಿಯುವಂಥ ವಸ್ತು ಇದ್ದಷ್ಟೂ ಈ ತೊಂದರೆ ಜಾಸ್ತಿ.

ಅಳತೆಯ ತೊಂದರೆಯೂ ಇದೆ. ನಾಲ್ಕು ಸೆಂಟಿಮೀಟರ್ ಉದ್ದದ ಟೆಟ್ರಾ ಅಷ್ಟೇ ಗಾತ್ರದ ಹಡಗಿನ ಪಕ್ಕ ಹಾದುಹೋದಾಗ ಅದು ಟೆಟ್ರಾ ಅಲ್ಲ, ತಿಮಿಂಗಿಲ. ಮಗಳಿಗೆ ಇದು ಬೇಸರ ತರುತ್ತದೆ ಅಂದುಕೊಂಡಿದ್ದೆ. ಅವಳಿಗೆ ಅದೇ ಇಷ್ಟವಾಯಿತು. ಅವಳ ಮನಸ್ಸು ಬದಲಾದದ್ದು ಬೇರೆ ಕಾರಣಕ್ಕೆ. "ಮಾಮ, ಹಡಗು ಇದ್ದರೆ ಎಲ್ಲರೂ ಹಡಗನ್ನೇ ನೋಡ್ತಾರಲ್ವಾ?" ಎಂದು ಅವಳೇ ಕೇಳಿದಳು. ಅವಳಿಗೆ ಎಲ್ಲರೂ ನೋಡಬೇಕಾದದ್ದು ತನ್ನ ಕಪ್ಪು ಏಂಜೆಲನ್ನು. ಹಿನ್ನೆಲೆಯ ಬಗ್ಗೆ ನಾನು ಹೇಳಬೇಕೆಂದಿದ್ದ ಮಾತೂ ಅದೇ. ಕಣ್ಣು ಅದರ ಮೇಲೆ ನಿಲ್ಲಬಾರದು, ಅದನ್ನು ದಾಟಿ ಮೀನಿಗೆ ಬರಬೇಕು.

ಕಲ್ಲುಗೋಡೆಯ ಲೆಕ್ಕ

ಸ್ನೇಹಿತನ ಕಲ್ಲುಗೋಡೆಗೆ ನಾವು ಜಾಸ್ತಿ ಹೊತ್ತು ಕೊಟ್ಟೆವು. ಅವನು ತಯಾರಾಗಿಯೇ ಬಂದಿದ್ದ. ಈ ಗೋಡೆಗಳು ಫೋಮಿನವು. ತಯಾರಾಗಿ ಸಿಗುವವಕ್ಕೆ ಗಟ್ಟಿ ಲೇಪ ಇರುತ್ತದೆ. ಮನೆಯಲ್ಲಿ ಮಾಡಿಕೊಳ್ಳುವವರು ಥರ್ಮೋಕೋಲ್ ಕೆತ್ತಿ ಮೇಲೆ ಸಿಮೆಂಟ್ ಬಳಿಯುತ್ತಾರೆ. ಚೆನ್ನಾಗಿ ಮಾಡಿದ್ದರೆ ಇದಕ್ಕೆ ಸಾಟಿಯಿಲ್ಲ, ಒಪ್ಪುತ್ತೇನೆ. ಉಬ್ಬಿನ ಮೇಲೆ ಬೆಳಕು, ಸಂದಿನಲ್ಲಿ ನೆರಳು, ಅಲ್ಲಲ್ಲಿ ಜಾವಾ ಫರ್ನ್ ಎಂಬ ನೀರುಗಿಡ ಕಟ್ಟಲು ಜಾಗ. ಚಿತ್ರದ ಹಾಳೆ ಇದರ ಹತ್ತಿರಕ್ಕೂ ಬರುವುದಿಲ್ಲ.

ಆದರೆ ಅಳತೆ ಹಿಡಿದು ಕೂತಾಗ ಬೇರೆ ಚಿತ್ರ ಬಂತು. ಸರಾಸರಿ 5 ಸೆಂ.ಮೀ. ದಪ್ಪದ ಗೋಡೆ ಅಂದುಕೊಳ್ಳೋಣ. 90, 45, 5 ಗುಣಿಸಿದರೆ 20 ಲೀಟರಿಗೆ ಸ್ವಲ್ಪ ಜಾಸ್ತಿ. ಅಷ್ಟು ನೀರು ಹೋಯಿತು. ಫೋಮು ಹಗುರ. ಮುಳುಗಿಸಿಟ್ಟರೆ ಅದನ್ನು ಮೇಲಕ್ಕೆ ತಳ್ಳುವ ಬಲ ಅದು ಸರಿಸಿದ ನೀರಿನ ತೂಕದಷ್ಟು, ಅಂದರೆ ಸುಮಾರು 20 ಕಿಲೊ. ಅದರಲ್ಲಿ ಗೋಡೆಯ ಸ್ವಂತ ತೂಕ ಮಾತ್ರ ಕಳೆಯಬೇಕು. ಇಷ್ಟನ್ನೂ ಹಿಡಿದಿಡುವುದು ಸಿಲಿಕೋನ್. ಸಿಲಿಕೋನ್ ಹಿಡಿಯಬೇಕಾದರೆ ಗಾಜು ಪೂರ್ತಿ ಒಣಗಿರಬೇಕು, ಪಾಚಿಯ ಪಸೆ ಕೂಡ ಇರಬಾರದು. ಬೂಷ್ಟು ತಡೆಯುವ ರಾಸಾಯನಿಕ ಬೆರೆಸಿದ ಬಚ್ಚಲುಮನೆ ಸಿಲಿಕೋನ್ ಇಲ್ಲಿ ನಡೆಯುವುದಿಲ್ಲ, ಅದು ಮೀನಿಗೆ ವಿಷ. ದಪ್ಪಗೆ ಹಚ್ಚಿದ ಸಿಲಿಕೋನ್ ಒಳಗಿನ ತನಕ ಗಟ್ಟಿಯಾಗಲು ಒಂದು ದಿನ ಸಾಲದು. ಗೋಡೆಯ ಹಿಂದೆ ಗಾಳಿ ಆಡದ ಕಡೆ ಇನ್ನೂ ನಿಧಾನ. ಒಂದು ವಾರ ಬಿಡುವುದು ಕ್ಷೇಮ. ಅಂಟು ಬಿಟ್ಟು ಗೋಡೆ ಒಮ್ಮೆ ಮೇಲೆದ್ದರೆ ಮುಚ್ಚಳ, ಲೈಟು ಎಲ್ಲವನ್ನೂ ಎತ್ತಿಕೊಂಡೇ ಏಳುತ್ತದೆ.

ಹೊಸ ಟ್ಯಾಂಕಾಗಿದ್ದರೆ ಇದೆಲ್ಲ ದೊಡ್ಡ ಮಾತಲ್ಲ. ಇದು ಮೀನು ಓಡಾಡುತ್ತಿರುವ ಟ್ಯಾಂಕು. ಮೀನುಗಳನ್ನೆಲ್ಲ ಅಷ್ಟು ದಿನ ಬೇರೆ ತೊಟ್ಟಿಯಲ್ಲಿ, ಓಡುವ ಫಿಲ್ಟರಿನ ಜೊತೆ ಇಡಬೇಕು. ಸಿಮೆಂಟ್ ಬಳಿದ ಗೋಡೆಯಾದರೆ ಇನ್ನೊಂದು ರಗಳೆ. ಹೊಸ ಸಿಮೆಂಟಿನ ಸುಣ್ಣ ನೀರಿಗೆ ಬಿಡುತ್ತದೆ, ಪಿಎಚ್ ಏರುತ್ತದೆ. ನೀರು ಬದಲಿಸುತ್ತ ವಾರಗಟ್ಟಲೆ ನೆನೆಸಬೇಕು. ಮೃದುವಾದ ನೀರಿಗೆ ಒಗ್ಗಿದ ಕಾರ್ಡಿನಲ್‌ಗಳ ಟ್ಯಾಂಕಿಗೆ ಅವಸರದಲ್ಲಿ ಹಾಕುವ ವಸ್ತು ಅದಲ್ಲ.

ಗೋಡೆಯ ಹಿಂದಿನ ಸಂದಿಯದು ಪ್ರತ್ಯೇಕ ಕತೆ. ಸಂದಿ ಬಿಟ್ಟರೆ ಸಣ್ಣ ಮೀನು ಅದರೊಳಗೆ ನುಗ್ಗುತ್ತದೆ, ಹೊರಗೆ ಬರಲಾರದೆ ಸಾಯುತ್ತದೆ, ಕೊಳೆಯುತ್ತದೆ. ನೀರು ಕೆಟ್ಟ ಮೇಲೆಯೇ ನಮಗೆ ಗೊತ್ತಾಗುವುದು. ಆದ್ದರಿಂದ ಅಂಚುಗಳನ್ನು ಪೂರ್ತಿ ಮುಚ್ಚಬೇಕು, ಇಲ್ಲವೇ ನೀರು ಸರಾಗ ಹರಿಯುವಂತೆ ಜಾಗ ಬಿಟ್ಟು ಬಾಯಿಗೆ ಜಾಲರಿ ಹಾಕಬೇಕು. ಹೀಟರನ್ನು ಗೋಡೆಯ ಹಿಂದೆ ಅಡಗಿಸುವವರು ಅಲ್ಲಿ ನೀರು ಓಡಾಡುತ್ತಿದೆಯೇ ಅಂತ ಎರಡು ಸಲ ನೋಡಬೇಕು. ಪ್ಲೆಕೊಗೆ ಕೆರೆಯುವುದೇ ಕೆಲಸ, ಲೇಪವಿಲ್ಲದ ಫೋಮು ಸಿಕ್ಕರೆ ಅದನ್ನೂ ಕೆರೆಯುತ್ತದೆ.

ಇಷ್ಟು ಹೇಳಿದರೂ ಸ್ನೇಹಿತ ಜಗ್ಗಲಿಲ್ಲ. ಅವನನ್ನು ಒಪ್ಪಿಸಿದ್ದು ಆಳದ ಲೆಕ್ಕ. ಹೊರಗಿನಿಂದ ನೋಡುವವರಿಗೆ ನೀರಿನ ಆಳ ನಿಜಕ್ಕಿಂತ ಕಮ್ಮಿ ಕಾಣುತ್ತದೆ, ಸುಮಾರು ಮುಕ್ಕಾಲು ಭಾಗ. 45 ಸೆಂ.ಮೀ. ಅಗಲದ ಟ್ಯಾಂಕು ಮುಂದಿನಿಂದ 34 ಸೆಂ.ಮೀ. ಇದ್ದಂತೆ ಕಾಣುತ್ತದೆ. ಗೋಡೆ ಹಾಕಿ 40 ಉಳಿಸಿದರೆ ಕಾಣುವುದು 30. ಉಬ್ಬುಗಳು ಇನ್ನೂ ಮುಂದೆ ಬಂದ ಕಡೆ ಇನ್ನೂ ಕಮ್ಮಿ. ಆಳ ತೋರಿಸಲು ಹಾಕುವ ಗೋಡೆ ಇದ್ದ ಆಳವನ್ನೇ ತಿನ್ನುತ್ತದೆ. ಅವನು ಟೇಪು ಹಿಡಿದು ಏಂಜೆಲ್ ತಿರುಗಲು ಎಷ್ಟು ಜಾಗ ಬೇಕು ಅಂತ ಅಳೆದ. ಆಮೇಲೆ ಸುಮ್ಮನಾದ.

ಒಳಗೆ ಜಾಗ ಕಳೆದುಕೊಳ್ಳದೆ ಆಳ ಬೇಕೆನ್ನುವವರು ಟ್ಯಾಂಕಿನ ಹಿಂದೆ, ಹೊರಗೆ, ಒಂದು ಆಳವಿಲ್ಲದ ಪೆಟ್ಟಿಗೆ ಇಟ್ಟು ಅದರಲ್ಲಿ ಒಣ ಬೇರು, ಕಲ್ಲು ಜೋಡಿಸಿ ಮಂದ ಬೆಳಕು ಬಿಡುವುದುಂಟು. ನನಗೆ ತುಂಬ ಇಷ್ಟದ ಉಪಾಯ ಅದು. ಆದರೆ ಅಲ್ಲಿ ಗಾಜಿನ ಹಿಂದೆ ಗಾಳಿ ಇದ್ದೇ ಇರುತ್ತದೆ. ಮುಂದಿನಿಂದ ಚೆಂದ, ಬದಿಯಿಂದ ಏನೂ ಕಾಣದು. ಎರಡು ಕಡೆಯಿಂದ ನೋಡುವ ಈ ಟ್ಯಾಂಕಿಗೆ ಅದು ಹೊಂದಲಿಲ್ಲ.

ಬಣ್ಣದ ಕಾಗದ ಇಟ್ಟು ನೋಡಿದ್ದು

ಉಳಿದದ್ದು ಬರಿ ಬಣ್ಣ. ಯಾವ ಬಣ್ಣ ಅಂತ ವಾದ ಮಾಡುವ ಬದಲು ಚಾರ್ಟ್ ಪೇಪರ್ ತರಿಸಿದೆವು: ಕಪ್ಪು, ತಿಳಿ ನೀಲಿ, ಕಡು ನೀಲಿ, ಬೂದು, ಕಡು ಹಸಿರು. ಒಂದೊಂದನ್ನೂ ಗಾಜಿನ ಹಿಂದೆ ಇಳಿಸಿ ಕೆಲವು ದಿನ ಹಾಗೇ ಬಿಡಲು ಹೇಳಿದೆ. ಹೊಸ ಹಿನ್ನೆಲೆ ಕಂಡ ಕೂಡಲೇ ಮೀನು ಬೆದರುತ್ತದೆ, ಆ ಗಳಿಗೆಯ ವರ್ತನೆ ನೋಡಿ ತೀರ್ಮಾನಿಸಬಾರದು. ಹಗಲಿನ ಬೆಳಕಿನಲ್ಲಿ, ರಾತ್ರಿ ಟ್ಯಾಂಕಿನ ಲೈಟು ಮಾತ್ರ ಇರುವಾಗ, ಎರಡೂ ಹೊತ್ತು ನೋಡಬೇಕು.

ತಿಳಿ ನೀಲಿಯಲ್ಲಿ ಕಾರ್ಡಿನಲ್‌ಗಳ ನೀಲಿ ಗೆರೆ ಹಿನ್ನೆಲೆಯಲ್ಲೇ ಕರಗಿಹೋಯಿತು. ಬೆಳ್ಳಿ ಏಂಜೆಲ್‌ಗಳು ಇನ್ನಷ್ಟು ಪೇಲವ. ಕಪ್ಪು ಏಂಜೆಲ್ ಮಾತ್ರ ಅಚ್ಚು ಹೊಡೆದಂತೆ ಕಂಡಿತು, ಮಗಳಿಗೆ ಖುಷಿ. ಕಡು ನೀಲಿ ರಾತ್ರಿ ಚೆನ್ನಾಗಿತ್ತು, ಹಗಲು ಪ್ಲಾಸ್ಟಿಕ್ಕಿನ ಬಕೆಟ್ ನೆನಪಾಗುವಂತಿತ್ತು. ಕಪ್ಪು ಹಾಕಿದಾಗ ಟ್ಯಾಂಕೇ ಬೇರೆ ಆಯಿತು. ಹಿಂದಿನ ಗಾಜು ಎಲ್ಲಿದೆ ಅಂತ ಗೊತ್ತಾಗದು. ಕಾರ್ಡಿನಲ್‌ಗಳ ಕೆಂಪು ಉರಿಯುವಂತೆ ಕಂಡಿತು, ಬೆಳ್ಳಿ ಏಂಜೆಲ್‌ಗಳ ಪಟ್ಟೆ ಗಾಢವಾಯಿತು, ಹಸಿರೆಲೆ ಎದ್ದು ಬಂತು. ಮನೆಯೊಡತಿ "ಇದೇ ಇರಲಿ" ಎಂದರು. ಬಹಳ ಟ್ಯಾಂಕುಗಳಿಗೆ ನಾನೂ ಅಲ್ಲಿಗೇ ನಿಲ್ಲಿಸುತ್ತಿದ್ದೆ.

ಆದರೆ ಕಪ್ಪು ಏಂಜೆಲ್ ಎಲ್ಲಿ? ಕಣ್ಣಿನ ಉಂಗುರ ಮಾತ್ರ ತೇಲಾಡುತ್ತಿತ್ತು. ಮಗಳ ಮುಖ ನೋಡಲಾಗಲಿಲ್ಲ.

ಕಪ್ಪು ಎಲ್ಲ ಮೀನಿಗೂ ಆಗಿಬರುತ್ತದೆ ಅನ್ನುವ ಮಾತು ಅರ್ಧ ನಿಜ. ಪಿಜನ್ ಬ್ಲಡ್ ತಳಿಯ ಡಿಸ್ಕಸ್ ಮೀನು ಸಾಕುವವರನ್ನು ಕೇಳಿ. ಕಡುಬಣ್ಣದ ಟ್ಯಾಂಕಿನಲ್ಲಿ ಆ ಮೀನಿನ ಮೈಮೇಲೆ ಮೆಣಸಿನಪುಡಿ ಚೆಲ್ಲಿದಂತೆ ಕಪ್ಪು ಚುಕ್ಕೆ ಏಳುತ್ತವೆ. ಅದಕ್ಕೇ ಅವರು ತಿಳಿ ಬಣ್ಣದ ಹಿನ್ನೆಲೆ ಇಡುತ್ತಾರೆ. ಇನ್ನೊಂದು ದಾರಿ ಗಿಡದ ಟ್ಯಾಂಕಿನವರದು. ಜಪಾನಿನ ತಕಾಶಿ ಅಮಾನೊ (1954–2015) ಜನಪ್ರಿಯಗೊಳಿಸಿದ ಶೈಲಿಯ ಟ್ಯಾಂಕುಗಳಲ್ಲಿ ಹಿಂದಿನ ಗಾಜು ಬೆಳ್ಳಗೆ, ಮಂಜಿನ ಹಾಗೆ ಇರುವುದನ್ನು ನೀವು ನೋಡಿರುತ್ತೀರಿ. ಗಾಜಿಗೆ ಮಬ್ಬು ಫಿಲ್ಮ್, ಅದರ ಹಿಂದೆ ಲೈಟು. ಅಲ್ಲಿ ದಟ್ಟ ಗಿಡಗಳೇ ಮೀನಿಗೆ ಮರೆ. ಈ ಟ್ಯಾಂಕಿನಲ್ಲಿ ಅಷ್ಟು ಗಿಡ ಇಲ್ಲ, ಹಾಗಾಗಿ ಆ ದಾರಿ ನಮ್ಮದಲ್ಲ.

ಬೂದು ಮತ್ತು ಕಡು ಹಸಿರು ಎರಡೂ ನಡುವಿನವು. ಮೀನು ನೆಮ್ಮದಿಯಾಗಿದ್ದವು, ಕಪ್ಪು ಏಂಜೆಲ್ ಕಾಣುತ್ತಿತ್ತು, ಆದರೆ ಕೆಂಪು ಅಷ್ಟು ಏಳಲಿಲ್ಲ. ಆಗ ಒಂದು ವಿಷಯ ಗಮನಕ್ಕೆ ಬಂತು. ಕಾರ್ಡಿನಲ್‌ಗಳು ಹೆಚ್ಚಾಗಿ ಕೆಳಗಿನ ಅರ್ಧದಲ್ಲಿ, ಕಪ್ಪು ಏಂಜೆಲ್ ಹೆಚ್ಚಾಗಿ ನಡುವಿನಿಂದ ಮೇಲೆ. ಹಾಗಾದರೆ ಒಂದೇ ಬಣ್ಣ ಯಾಕೆ? ಕೆಳಗೆ ಕಪ್ಪು, ಮೇಲಕ್ಕೆ ಹೋದಂತೆ ಬೂದು ಬೆರೆತ ಹಸಿರು. ನದಿಯಲ್ಲೂ ಬೆಳಕು ಮೇಲಿನಿಂದಲೇ ಬರುವುದು, ಕತ್ತಲು ತಳದಲ್ಲೇ ಇರುವುದು. ಕಣ್ಣಿಗೆ ಇದು ಅಸಹಜ ಅನ್ನಿಸುವುದಿಲ್ಲ.

ಇಷ್ಟರಲ್ಲಿ ಇನ್ನೊಂದು ತೊಡಕು ಕಂಡಿತು. ಬಲಬದಿಯ ದಾರಿಯಿಂದ ನೋಡಿದರೆ ಯಾವ ಕಾಗದವೂ ಕಾಣುತ್ತಿರಲಿಲ್ಲ! ಹಿಂದಿನ ಗಾಜು ಫಳಫಳ ಕನ್ನಡಿ. ಕಾಗದ ಗಾಜಿಗೆ ತಾಗಿಕೊಂಡೇ ಇತ್ತಲ್ಲ ಅಂತ ಸ್ನೇಹಿತ ಕೇಳಿದ. ತಾಗಿದ್ದರೂ ನಡುವೆ ಗಾಳಿಯ ತೆಳು ಪದರ ಇರುತ್ತದೆ, ಅಷ್ಟು ಸಾಕು. ನಾನು ಒಂದು ಕಾಗದದ ತುಂಡನ್ನು ನೀರಿನಲ್ಲಿ ಅದ್ದಿ ಗಾಜಿನ ಹೊರಬದಿಗೆ ಅಂಟಿಸಿದೆ. ಬದಿಯಿಂದ ನೋಡಿದಾಗ ಅಷ್ಟು ಭಾಗ ಮಾತ್ರ ಕಾಗದ, ಉಳಿದದ್ದು ಕನ್ನಡಿ. ನಿಮ್ಮ ಟ್ಯಾಂಕಿನಲ್ಲೂ ಮಾಡಿ ನೋಡಿ. ಅಂಚುಗಳಿಗೆ ಮಾತ್ರ ಟೇಪು ಹಚ್ಚಿದ ಹಾಳೆಗಳು ಬೆಳ್ಳಿ ಹೊಳಪು ಹೊಡೆಯುವುದು ಇದೇ ಕಾರಣಕ್ಕೆ. ಗಾಳಿ ಹೋಗಬೇಕು. ಮೀನಿಗೆ ಕಾಣುವ ಕನ್ನಡಿ ಹೋಗುವುದೂ ಆಗಲೇ.

ಹಾಳೆ ಮಾಡಿದ ಬಗೆ

ಗಾಳಿ ಉಳಿಯದಂತೆ ಮಾಡುವ ನೇರ ದಾರಿ ಗಾಜಿನ ಹೊರಮೈಗೇ ಬಣ್ಣ ಬಳಿಯುವುದು. ನೀರಿನಲ್ಲಿ ಕರಗುವ ಅಕ್ರಿಲಿಕ್ ಬಣ್ಣ, ರೋಲರ್, ಎರಡು ಮೂರು ಕೋಟ್. ಬೇಡವಾದಾಗ ಬ್ಲೇಡಿನಿಂದ ಕೆರೆದರೆ ಬರುತ್ತದೆ. ಖಾಲಿ ಟ್ಯಾಂಕಿಗೆ ನನ್ನ ಮೊದಲ ಸಲಹೆ ಇದೇ. ಇಲ್ಲಿ ಗೋಡೆಗೂ ಗಾಜಿಗೂ ನಡುವೆ ಕೈಯಾಡಿಸಿ ಬಣ್ಣ ಬಳಿಯುವಷ್ಟು ಜಾಗ ಇರಲಿಲ್ಲ. ನೀರು ತುಂಬಿದ ಟ್ಯಾಂಕನ್ನು ಎಳೆಯುವ ಮಾತೇ ಇಲ್ಲ. ನೂರೈವತ್ತು ಕಿಲೊಗೂ ಮಿಕ್ಕ ಭಾರ, ಒಂದು ಮೂಲೆ ತುಸು ತಿರುಚಿದರೂ ಜೋಡಣೆ ಬಿಡಬಹುದು. ಅಂಟು ಇರುವ ವಿನೈಲ್ ಹಾಳೆಯನ್ನು ಆ ಇಕ್ಕಟ್ಟಿನಲ್ಲಿ ಇಳಿಸಿದರೆ ಅದು ಗಾಜಿಗೆ ಹಿಡಿಯುವ ಮುಂಚೆ ತನಗೆ ತಾನೇ ಅಂಟಿಕೊಳ್ಳುತ್ತದೆ.

ಕೊನೆಗೆ ಆರಿಸಿದ್ದು ಸ್ವಲ್ಪ ಗಟ್ಟಿಯಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ. ಅದನ್ನು ಹಿಂದಿನ ಗಾಜಿನ ಅಳತೆಗೆ ಕತ್ತರಿಸಿ, ಒಂದು ಮಗ್ಗುಲನ್ನು ನಯವಾದ ಉಪ್ಪುಕಾಗದದಿಂದ ಉಜ್ಜಿ ಆ ಮಗ್ಗುಲಿಗೆ ಬಣ್ಣ ಬಳಿದೆವು. ಉಜ್ಜಿದ ಮೈಗೆ ಬಣ್ಣ ಹಿಡಿಯುತ್ತದೆ, ಗೀರುಗಳು ಬಣ್ಣದಿಂದ ತುಂಬಿಹೋಗುತ್ತವೆ. ಇಲ್ಲಿ ಒಂದು ವಿಷಯ ನೆನಪಿರಲಿ. ಹಾಳೆಯ ಹಿಂದಿನಿಂದ ಬಳಿಯುವುದರಿಂದ ಮೊದಲು ಬಳಿದ ಪದರವೇ ಮುಂದಿನಿಂದ ಕಾಣುವುದು. ಹಾಗಾಗಿ ಮೊದಲು ಸ್ಪಂಜಿನಿಂದ ಮೇಲ್ಭಾಗಕ್ಕೆ ಬೂದು-ಹಸಿರು, ಕೆಳಕ್ಕೆ ಬಂದಂತೆ ಕಪ್ಪು ಜಾಸ್ತಿ. ಸ್ಪಂಜು ಹಿಡಿದದ್ದು ಮಗಳು. ಗೆರೆ ಕಾಣದಂತೆ ಒತ್ತಿ ಒತ್ತಿ ಬೆರೆಸುವ ಕೆಲಸ ದೊಡ್ಡವರಿಗಿಂತ ಅವಳಿಗೇ ಚೆನ್ನಾಗಿ ಬಂತು. ಅದು ಒಣಗಿದ ಮೇಲೆ ಇಡೀ ಹಾಳೆಗೆ ಕಪ್ಪು ಕೋಟ್, ಬಿಳಿ ಗೋಡೆಯ ಬೆಳಕು ಹಿಂದಿನಿಂದ ತೂರದಿರಲಿ ಅಂತ. ಲೈಟಿಗೆ ಹಿಡಿದು ಸೂಜಿಮೊನೆಯಷ್ಟು ತೂತು ಕಂಡಲ್ಲೆಲ್ಲ ಮತ್ತೆ ಹಚ್ಚಿದೆವು.

ಗಾಜಿಗೂ ಹಾಳೆಗೂ ನಡುವೆ ಗ್ಲಿಸರಿನ್. ನೀರು ಒಣಗುತ್ತದೆ. ಅಡುಗೆ ಎಣ್ಣೆ ಹಚ್ಚುವವರಿದ್ದಾರೆ, ಅದು ಕಾಲ ಕಳೆದಂತೆ ಜಿಗುಟಾಗಿ ವಾಸನೆ ಬರುತ್ತದೆ. ಗ್ಲಿಸರಿನ್ ಸುಲಭಕ್ಕೆ ಆರುವುದಿಲ್ಲ, ಬೆಳಕನ್ನು ಹೆಚ್ಚುಕಡಿಮೆ ಗಾಜಿನಷ್ಟೇ ಬಾಗಿಸುತ್ತದೆ, ಬೇಡವಾದಾಗ ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ.

ಮೊದಲು ಎಲ್ಲ ಪ್ಲಗ್ ಕಿತ್ತೆವು. ಪೈಪುಗಳನ್ನು ಮೇಲೆತ್ತಿದೆವು. ಹೊರಮೈಯ ಉಪ್ಪುಕಲೆಗಳನ್ನು ವಿನೆಗರ್ ಬಟ್ಟೆಯಿಂದ ಒರೆಸಿ ಒಣಗಿಸಿದೆವು. ಹಾಳೆಯ ನಯವಾದ ಮಗ್ಗುಲಿಗೆ ಗ್ಲಿಸರಿನ್ ತೆಳ್ಳಗೆ ಸವರಿ, ಇಬ್ಬರು ಎರಡು ತುದಿ ಹಿಡಿದು ಮೇಲಿನಿಂದ ಇಳಿಸಿ, ಒಂದು ಬದಿಯಿಂದ ಶುರು ಮಾಡಿ ಒತ್ತುತ್ತ ಬಂದೆವು. ಬಟ್ಟೆ ಸುತ್ತಿದ ಉದ್ದನೆಯ ಸ್ಕೇಲಿನಿಂದ ಗುಳ್ಳೆಗಳನ್ನು ಅಂಚಿಗೆ ತಳ್ಳಿದೆವು. ಟ್ಯಾಂಕಿನ ಬಾಯಿಗೆ ಬಟ್ಟೆ ಮುಚ್ಚಿದ್ದೆವು. ಗ್ಲಿಸರಿನ್ ಒಳಗೆ ಬಿದ್ದರೆ ಬ್ಯಾಕ್ಟೀರಿಯಾಗಳಿಗೆ ಹಬ್ಬ, ನೀರು ಮಬ್ಬಾಗುತ್ತದೆ. ಕೊನೆಗೆ ನಾಲ್ಕೂ ಅಂಚಿಗೆ ಟೇಪು. ಮೇಲಿನ ಅಂಚು ಎಲ್ಲಕ್ಕಿಂತ ಮುಖ್ಯ. ನೀರು ಬದಲಿಸುವಾಗ ಚೆಲ್ಲಿದ ಹನಿ ಅಲ್ಲಿಂದ ಇಳಿದರೆ ಬಿಳಿ ಗೀರು ಬೀಳುತ್ತದೆ.

ಬದಿಯಿಂದ ನೋಡಿದರೆ ಈಗ ಕನ್ನಡಿ ಇಲ್ಲ. ಗೋಡೆಯ ವೈರುಗಳೂ ಇಲ್ಲ.

ಲೈಟಿನ ಜಾಗವನ್ನೂ ಬದಲಿಸಿದೆವು. ಅದು ಟ್ಯಾಂಕಿನ ಹಿಂಭಾಗದಲ್ಲಿತ್ತು, ಬೆಳಕೆಲ್ಲ ಹಿಂದಿನ ಗಾಜಿನ ಮೇಲೆ. ಮುಂದಕ್ಕೆ ತಂದಾಗ ಹಿನ್ನೆಲೆ ಕತ್ತಲಿಗೆ ಸರಿಯಿತು, ಮೀನಿನ ಮುಂಬದಿಗೆ ಬೆಳಕು ಬಿತ್ತು. ಈ ಒಂದು ಬದಲಾವಣೆಗೆ ಖರ್ಚೂ ಇಲ್ಲ, ಶ್ರಮವೂ ಇಲ್ಲ. ಹಿನ್ನೆಲೆ ಕೊಳ್ಳುವ ಮುಂಚೆ ಯಾರಾದರೂ ಮಾಡಿ ನೋಡಬಹುದು.

ಆಮೇಲೆ

ಕೆಲವು ವಾರಗಳಲ್ಲಿ ಬೆಳ್ಳಿ ಏಂಜೆಲ್‌ಗಳ ಪಟ್ಟೆ ಗಾಢವಾಯಿತು. ಗಾಜಿಗೆ ಮೂತಿ ಒತ್ತುತ್ತಿದ್ದ ಮೀನು ಹಿಂದಿನ ಗಾಜನ್ನು ಬಿಟ್ಟಿತು, ಎಡಬದಿಯ ಗಾಜಿನಲ್ಲಿ ಈಗಲೂ ಒಮ್ಮೊಮ್ಮೆ ತನ್ನ ನೆರಳಿನ ಜೊತೆ ಜಗಳ ಆಡುತ್ತದೆ. ಅಲ್ಲಿ ಗಾಜಿನ ಹಿಂದೆ ಇನ್ನೂ ಗಾಳಿಯೇ ಇದೆಯಲ್ಲ. ಆ ಬದಿಗೂ ಇಂಥದ್ದೇ ಹಾಳೆ ಹಾಕಬಹುದು, ಆದರೆ ಮನೆಯವರಿಗೆ ಅದು ತೆರೆದಿರಲಿ ಅನ್ನಿಸಿತು. ಕಾರ್ಡಿನಲ್‌ಗಳು ಜನ ಬಂದರೆ ಓಡುವುದು ಕಮ್ಮಿಯಾಗಿದೆ. ಎಲ್ಲ ಶ್ರೇಯಸ್ಸೂ ಹಿನ್ನೆಲೆಗೇ ಸೇರಬೇಕು ಅಂತ ನಾನು ಹೇಳುವುದಿಲ್ಲ. ಲೈಟು ಸರಿಸಿದೆವು, ಕೊರಡಿಗೆ ಇನ್ನೊಂದಿಷ್ಟು ಜಾವಾ ಫರ್ನ್ ಕಟ್ಟಿದೆವು. ಮೂರರಲ್ಲಿ ಯಾವುದರ ಪಾಲು ಎಷ್ಟು ಅಂತ ಬಿಡಿಸಿ ಹೇಳಲಾಗದು.

ಕಪ್ಪು ಏಂಜೆಲ್ ಮೇಲಿನ ಭಾಗದಲ್ಲಿದ್ದರೆ ಸ್ಪಷ್ಟ, ತಳಕ್ಕೆ ಇಳಿದರೆ ಅರ್ಧ ಮಾಯ. ಊಟದ ಹೊತ್ತಿಗೆ ಹೇಗೂ ಮೇಲೇ ಇರುತ್ತದೆ. ಮಗಳ ತಕರಾರಿಲ್ಲ.

ಕಡು ಹಿನ್ನೆಲೆಯ ಕಾಟಗಳೂ ಕಾಣಿಸಿಕೊಂಡಿವೆ. ಹಿಂದಿನ ಗಾಜಿನ ಒಳಮೈ ಮೇಲೆ ಕೂತ ಪಾಚಿ ಮೊದಲು ಗೊತ್ತೇ ಆಗುತ್ತಿರಲಿಲ್ಲ, ಈಗ ಹಸಿರು ದೂಳಿನ ಹಾಗೆ ಎದ್ದು ಕಾಣುತ್ತದೆ. ನೀರಿನಲ್ಲಿ ತೇಲುವ ಕಣ, ಸಣ್ಣ ಗುಳ್ಳೆ, ನೀರಿನ ಮಟ್ಟದ ಬಿಳಿ ಗೆರೆ ಎಲ್ಲವೂ ಅಷ್ಟೇ. ಮುಂದಿನ ಗಾಜಿನ ಜೊತೆ ಹಿಂದಿನದನ್ನೂ ಕೆರೆಯುವುದು ಅವರ ಕೆಲಸಕ್ಕೆ ಸೇರಿತು. ಬಲಗಡೆ ಮೇಲಿನ ಮೂಲೆಯಲ್ಲಿ ಟೇಪು ಸಡಿಲವಾಗಿ ಗಾಳಿ ನುಗ್ಗಿ ಒಂದು ಬೆಳ್ಳಿ ಮಚ್ಚೆ ಆಗಿತ್ತು. ಮೂಲೆ ಬಿಡಿಸಿ, ಎರಡು ಹನಿ ಗ್ಲಿಸರಿನ್ ಬಿಟ್ಟು ಒತ್ತಿದರೆ ಸರಿಹೋಯಿತು.

ಸ್ನೇಹಿತ ಕಲ್ಲುಗೋಡೆ ಮರೆತಿಲ್ಲ. ಮುಂದೆ ದೊಡ್ಡ ಟ್ಯಾಂಕು ತಂದರೆ ಹಾಕಲಾ ಅಂತ ಕೇಳಿದ. ಹಾಕು ಎಂದೆ, ಆದರೆ ಅಗಲ 60 ಸೆಂ.ಮೀ.ಗೆ ಕಮ್ಮಿ ಇರಬಾರದು, ನೀರು ತುಂಬುವ ಮುಂಚೆಯೇ ಅಂಟಿಸಿರಬೇಕು, ಸಂದಿ ಪೂರ್ತಿ ಮುಚ್ಚಿರಬೇಕು. ಟ್ಯಾಂಕಿನ ಬಾಯಿಗೆ ಅಡ್ಡಪಟ್ಟಿ ಇದ್ದರೆ ಇಡೀ ಗೋಡೆ ಒಳಗೆ ಇಳಿಯುವುದಿಲ್ಲ, ತುಂಡು ಮಾಡಿ ಇಳಿಸಬೇಕಾಗುತ್ತದೆ. ಮೂಲೆಗಳಲ್ಲಿ ಸಿಲಿಕೋನ್ ಉಬ್ಬಿರುವುದರಿಂದ ಗೋಡೆಯನ್ನು ಒಳ ಅಳತೆಗಿಂತ ಕೆಲವು ಮಿಲಿಮೀಟರ್ ಚಿಕ್ಕದಾಗಿ ಕತ್ತರಿಸಬೇಕು. ಅವನು ಇದನ್ನೆಲ್ಲ ಬರೆದಿಟ್ಟುಕೊಂಡಿದ್ದಾನೆ. ಟ್ಯಾಂಕು ಎಲ್ಲಿಡುವುದು ಅನ್ನುವ ಚರ್ಚೆ ಅವರ ಮನೆಯಲ್ಲಿ ಇನ್ನೂ ಮುಗಿದಿಲ್ಲ.